ಗಡಿಯಾರದ ಕೆಳಗೆ ನಿಂತವಳು

ಅತ್ತೆ ಬಿದ್ದ ಸುದ್ದಿ ಬಂದಾಗ ಹಿರಿಸೊಸೆ ನಡುಬೀದಿಯಲ್ಲಿ ಹಳದಿ ಟವೆಲ್ಲು ಎತ್ತಿ ಹಿಡಿದು ನಿಂತಿದ್ದಳು. ಲಾರಿಯವನೊಬ್ಬ ಹಾರ್ನ್ ಹೊಡೆದು, ಬೈದು, ಸುತ್ತಿಕೊಂಡು ಹೋದ. ಅವಳು ಕದಲಲಿಲ್ಲ. ಅವಳ ಕಣ್ಣು ಎದುರಿನ ಗೋಪುರದ ಗಡಿಯಾರದ ಮೇಲಿತ್ತು. ಗಂಡ ಆ ಗಡಿಯಾರದ ಹೊಟ್ಟೆಯೊಳಗಿದ್ದ.

ಊರೂರು ತಿರುಗಿ ಗೋಪುರದ ಗಡಿಯಾರ ರಿಪೇರಿ ಮಾಡುವುದು ಈ ಗಂಡಹೆಂಡಿರ ಕಸುಬು. ಮುಳ್ಳು ತಿರುಗಿಸುವವನು ಗಡಿಯಾರದ ಬೆನ್ನಿಗಿರುತ್ತಾನೆ, ಮುಖ ಅವನಿಗೆ ಕಾಣುವುದಿಲ್ಲ. ಕಂಡರೂ ಮಂಜುಗಾಜಿನ ಆಚೆಗೆ ಎಲ್ಲ ಉಲ್ಟಾ, ಕನ್ನಡಿಯಲ್ಲಿ ಕಂಡ ಹಾಗೆ. ಅದಕ್ಕೇ ಕೆಳಗೆ ಒಬ್ಬರು ನಿಂತು ನೋಡಿ ಹೇಳಬೇಕು. ಟವೆಲ್ಲು ಮೇಲಿದ್ದರೆ ತಿರುಗಿಸು, ಇಳಿಸಿದರೆ ನಿಲ್ಲಿಸು, ಎರಡು ಸಲ ಬೀಸಿದರೆ ಕೂದಲೆಳೆಯಷ್ಟು ಹಿಂದಕ್ಕೆ. ಗಡಿಯಾರದ ಮುಖದಲ್ಲಿ ಅಂಗೈಯಗಲದ ಒಂದು ಕಿಂಡಿ ಇರುತ್ತದೆ. ಗಂಡ ಅದರಲ್ಲಿ ಕಣ್ಣಿಟ್ಟು ಟವೆಲ್ಲು ನೋಡುತ್ತಿದ್ದ. ಹದಿನೆಂಟು ವರ್ಷದಿಂದ ಹೀಗೇ ನಡೆದಿತ್ತು. ಹಗಲು ಅವಳು ಬಿಸಿಲಲ್ಲಿ ನಿಲ್ಲುತ್ತಿದ್ದಳು, ಸಂಜೆ ಲಾಡ್ಜಿನ ನೆಲದ ಮೇಲೆ ಹಳೇ ಪೇಪರ್ ಹಾಸಿ, ಬಿಚ್ಚಿ ತಂದ ಹಲ್ಲುಚಕ್ರಗಳನ್ನು ಸೀಮೆಎಣ್ಣೆಯಲ್ಲಿ ಒಂದೊಂದಾಗಿ ತೊಳೆಯುತ್ತಿದ್ದಳು. ಮಕ್ಕಳಾಗಿರಲಿಲ್ಲ. ಕಟ್ಟಿ ಹಾಕುವಂಥದ್ದು ಯಾವುದೂ ಇರಲಿಲ್ಲವಾದ್ದರಿಂದ ಇಬ್ಬರೂ ಒಂದೇ ಜೋಡಿ ಚಪ್ಪಲಿಯ ಹಾಗೆ ತಿರುಗಿದ್ದರು.

ಫೋನ್ ಮಾಡಿದ್ದು ಓರಗಿತ್ತಿ, ಅಂದರೆ ಆ ಮನೆಯ ಕಿರಿಸೊಸೆ.

"ಅಕ್ಕಾ, ಅತ್ತೆ ಬಾತ್‌ರೂಮಲ್ಲಿ ಬಿದ್ದುಬಿಟ್ಟಿದಾರೆ. ಸೊಂಟದ ಮೂಳೆ ಮುರಿದಿದೆಯಂತೆ, ಆಪರೇಷನ್ ಆಗ್ಬೇಕಂತೆ. ಭಾವ ಫೋನೇ ಎತ್ತಲ್ಲ."

ಭಾವನ ಫೋನು ಅವಳ ಚೀಲದಲ್ಲೇ ಇತ್ತು. ಹಿಂದೊಮ್ಮೆ ಜೇಬಿನಿಂದ ಜಾರಿದ ಫೋನು ಚಕ್ರದ ಹಲ್ಲಿಗೆ ಸಿಕ್ಕಿ ಚೂರಾದ ಮೇಲೆ, ಗೋಪುರ ಹತ್ತುವವರು ಫೋನ್ ಒಯ್ಯಬಾರದೆಂದು ಇಬ್ಬರೂ ಕಟ್ಟಳೆ ಮಾಡಿಕೊಂಡಿದ್ದರು. ಅವಳು ಟವೆಲ್ಲು ಇಳಿಸಿದಳು. ಮುಳ್ಳು ನಿಂತಿತು. ಎಷ್ಟು ಹೊತ್ತಾದರೂ ಟವೆಲ್ಲು ಮೇಲೇಳದಿದ್ದಾಗ ಕಿಂಡಿಯಿಂದ ಕೂಗು ಬಂತು.

"ಏನಾಯ್ತೇ? ಸರಿ ಇದೆಯೋ ಇಲ್ವೋ?"

"ಗಡಿಯಾರ ಸರಿ ಇದೆ. ನೀವು ಇಳಿದು ಬನ್ನಿ."

ಬಸ್‌ಸ್ಟ್ಯಾಂಡಿನಲ್ಲಿ ಅವನು ಟಿಕೆಟ್ಟಿಗೆಂದು ಸಾಲಿನಲ್ಲಿ ನಿಂತ. ಅವಳು ಎರಡು ಬ್ಯಾಗು, ಸಲಕರಣೆಯ ಪೆಟ್ಟಿಗೆ, ನೀರಿನ ಬಾಟಲಿ ಕಾದುಕೊಂಡು ಬೆಂಚಿನ ಮೇಲೆ ಕೂತಳು. ಅವನು ತಿರುಗಿ ಬಂದಾಗ ಕೈಯಲ್ಲಿದ್ದದ್ದು ಒಂದೇ ಟಿಕೆಟ್ಟು.

"ಒಂದೇ ತಂದಿದೀರ?"

"ಇನ್ನೂ ಐದು ಗೋಪುರ ಬಾಕಿ ಇದಾವಲ್ಲ. ನಾನು ಬಂದು ಅಲ್ಲೇನು ಮಾಡ್ಲಿ? ಸ್ನಾನ ಮಾಡಿಸ್ಬೇಕು, ಬಟ್ಟೆ ಬದಲಾಯಿಸ್ಬೇಕು. ಹೆಂಗಸರ ಕೆಲಸ."

"ಬಿದ್ದಿರೋದು ನಿಮ್ಮಮ್ಮ."

"ನಿನಗೂ ಅಮ್ಮನೇ ಅಲ್ವಾ?"

ಈ ಮಾತನ್ನು ಕಂಡುಹಿಡಿದವನು ಯಾರೋ, ಯಾವ ಸೊಸೆಯೂ ಎದುರಾಡದ ಹಾಗೆ ಹೊಸೆದಿದ್ದಾನೆ. ಹೌದು ಅಂದರೆ ಹೋಗಬೇಕು, ಅಲ್ಲ ಅಂದರೆ ಪಾಪಿ. ಅವಳು ಬೇರೆ ದಾರಿ ಹುಡುಕಿದಳು.

"ಕೆಳಗೆ ಯಾರು ನಿಲ್ತಾರೆ?"

"ಯಾರನ್ನಾದ್ರೂ ನಿಲ್ಲಿಸ್ಕೋತೀನಿ ಬಿಡು. ಟವೆಲ್ ಬೀಸೋಕೆ ಡಿಗ್ರಿ ಬೇಕಾ?"

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಅಂದಿರಲಿಲ್ಲ. ಅಂದದ್ದೂ ಅವನಿಗೆ ನೆನಪಿರಲಿಕ್ಕಿಲ್ಲ. ಅವಳು ಮಾತ್ರ ಆ ಮಾತನ್ನು ಮಡಿಲಲ್ಲಿಟ್ಟುಕೊಂಡು ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತಳು. ಅರ್ಧ ದಾರಿಯಲ್ಲಿ ಬಿಸ್ಕತ್ತಿಗೆಂದು ಬ್ಯಾಗಿಗೆ ಕೈ ಹಾಕಿದಾಗ ಟವೆಲ್ಲು ಸಿಕ್ಕಿತು. ಅವನಿಗೆ ಕೊಡುವುದನ್ನೇ ಮರೆತಿದ್ದಳು, ಅವನೂ ಕೇಳಿರಲಿಲ್ಲ.

ಮನೆ ಅಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕುವಷ್ಟು ಬಾಲ್ಕನಿ. ಮೈದುನ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಕಿರಿಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಶರಟುಗಳಿಗೆ ಗುಂಡಿ ಹಾಕುತ್ತಿದ್ದಳು. ಅವರ ಮಗಳು ಪುಟ್ಟಿಗೆ ಹದಿನೈದು ವರ್ಷ, ಹತ್ತನೇ ಕ್ಲಾಸು, ಸದಾ ಪರೀಕ್ಷೆ. ಬೆಳಗ್ಗೆ ಏಳೂವರೆಗೆ ಮೂವರೂ ಹೊರಟುಬಿಟ್ಟರೆ ಸಂಜೆವರೆಗೆ ಮನೆಯಲ್ಲಿ ಅತ್ತೆ ಒಬ್ಬರೇ. ಈಗ ಅತ್ತೆ ಮತ್ತು ಹಿರಿಸೊಸೆ.

ಆಪರೇಷನ್ ಆಯಿತು, ರಾಡು ಹಾಕಿದರು. ಎಷ್ಟು ದಿನಕ್ಕೆ ನಡೆದಾರು ಎಂದರೆ ಡಾಕ್ಟರು ಅಡ್ಡಗೋಡೆ ಮೇಲೆ ದೀಪ ಇಟ್ಟರು.

"ಆರು ವಾರಾನೂ ಆಗ್ಬೋದು, ಆರು ತಿಂಗಳೂ ಆಗ್ಬೋದು. ಅದು ಅವರ ಮನಸ್ಸಿನ ಮೇಲೆ."

ಅತ್ತೆಯ ಮನಸ್ಸು ಹಾಸಿಗೆಯ ಮೇಲಿತ್ತು. ವ್ಯಾಯಾಮ ಮಾಡಿಸುವ ಹುಡುಗಿ ವಾರಕ್ಕೆ ಎರಡು ಸಲ ಬಂದು "ಅಜ್ಜಿ, ಕಾಲು ಎತ್ತಿ" ಎಂದರೆ "ಕಾಲಲ್ಲಿ ಜೀವಾನೇ ಇಲ್ಲ ಕಣಮ್ಮ, ಏನನ್ನ ಎತ್ಲಿ" ಅನ್ನುತ್ತಿದ್ದರು. ಹುಡುಗಿ ಹೋದ ಮೇಲೆ ವಾಕರ್ ಮೂಲೆ ಸೇರುತ್ತಿತ್ತು. ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತಿದ್ದವು.

ದಿನ ಹೀಗೆ ಸಾಗುತ್ತಿತ್ತು. ಎದ್ದ ಕೂಡಲೇ ಬೆಡ್‌ಪ್ಯಾನು, ಮೈ ಒರೆಸುವುದು, ಗಂಜಿ, ಮಾತ್ರೆ, ಮೂವರ ಡಬ್ಬಿ, ಪಾತ್ರೆ, ಬಟ್ಟೆ. ಮಧ್ಯಾಹ್ನ ಮತ್ತೆ ಗಂಜಿ.

"ಉಪ್ಪು ಕಮ್ಮಿ."

"ಡಾಕ್ಟರು ಕಮ್ಮಿ ಹಾಕು ಅಂದಿದಾರೆ ಅತ್ತೆ."

"ಕಮ್ಮಿ ಹಾಕು ಅಂದಿದಾರೆ, ಹಾಕಲೇಬೇಡ ಅಂದಿಲ್ಲ. ನಿನಗೆ ಒಲೆ ಮುಂದೆ ನಿಂತು ಅಭ್ಯಾಸ ಎಲ್ಲಿದೆ. ಬೀದೀಲಿ ನಿಂತು ಅಭ್ಯಾಸ."

ನಾಲ್ಕನೇ ದಿನ ನೀರು ಚೆಲ್ಲಿದಾಗ ಪುಟ್ಟಿ ಕೈಗೆ ಸಿಕ್ಕಿದ್ದು ಹಳದಿ ಟವೆಲ್ಲು. ಅವಳು ಅದರಲ್ಲೇ ನೆಲ ಒರೆಸಿದಳು. ಹಿರಿಸೊಸೆ ಕಸಿದುಕೊಂಡಳು.

"ಅದು ನನ್ನ ಕೆಲಸದ ಟವೆಲ್ಲು ಕಣೇ."

"ಟವೆಲ್ಲಿಗೂ ಕೆಲಸ ಇರುತ್ತಾ ದೊಡ್ಡಮ್ಮ?" ಪುಟ್ಟಿ ನಿಜವಾಗಿಯೇ ಕೇಳಿದ್ದಳು.

ಒಳಗಿನಿಂದ ಅತ್ತೆ ನಕ್ಕರು. "ಬೀಸೋದೇ ಅದರ ಕೆಲಸ. ನಿನ್ನ ದೊಡ್ಡಮ್ಮಂಗೂ ಅಷ್ಟೇ."

ಹಿರಿಸೊಸೆ ಟವೆಲ್ಲನ್ನು ಸೋಪು ಹಾಕಿ ಎರಡು ಸಲ ಒಗೆದಳು. ಬೈಯಲು ಯಾರೂ ಸಿಗಲಿಲ್ಲ. ಹಾಸಿಗೆ ಹಿಡಿದವರನ್ನು ಬೈಯುವ ಹಾಗಿಲ್ಲ, ಹದಿನೈದರ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ, ಗಂಡ ಫೋನಿನಲ್ಲಿದ್ದ.

ಗಂಡ ದಿನಾ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದ. ಅಮ್ಮ ಹೇಗಿದಾಳೆ, ಊಟ ಆಯ್ತಾ, ಇಲ್ಲಿ ಎಲ್ಲ ಸರಿ. ಎರಡನೇ ವಾರ "ಒಬ್ಬ ಕಾವಲುಗಾರ ಸಿಕ್ಕಿದ, ನಿಂತುಕೊಂಡ, ಆರಾಮಾಗಿ ಆಯ್ತು" ಎಂದ. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬದಲಿಗೆ ಭಯವಾಯಿತು. ಕಾವಲುಗಾರ ನಿಂತರೂ ಆಗುತ್ತದೆ ಅಂದ ಮೇಲೆ ಅವಳು ಯಾಕೆ ಬೇಕು?

ಆ ಭಯಕ್ಕೆ ಮೈದುನ ಉಪ್ಪುಖಾರ ಹಾಕಿದ. ಒಂದು ಸಂಜೆ ತಟ್ಟೆ ಮುಂದೆ ಕೂತು, ಬಹಳ ಗೌರವದಿಂದಲೇ, "ಅತ್ತಿಗೆ, ಇನ್ಮೇಲೆ ನೀವು ಇಲ್ಲೇ ಇದ್ದುಬಿಟ್ರೆ ಎಲ್ರಿಗೂ ಅನುಕೂಲ. ಅಣ್ಣ ತಿಂಗಳಿಗೊಂದು ಸಲ ಬಂದು ಹೋಗ್ತಾನೆ. ನಿಮಗೂ ವಯಸ್ಸಾಯ್ತು" ಎಂದ.

"ನನಗೆ ನಲವತ್ತಮೂರು. ನಿಮಗಿಂತ ಒಂದೇ ವರ್ಷ ದೊಡ್ಡವಳು."

"ಅದಕ್ಕಲ್ಲ ಅತ್ತಿಗೆ..."

"ಮತ್ತೆ ಯಾವುದಕ್ಕೆ?"

ಅವನು ಅನ್ನ ಕಲಸಿದ. ಕಿರಿಸೊಸೆ ಮಾತ್ರ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದು, ನಲ್ಲಿ ಜೋರಾಗಿ ಬಿಟ್ಟು, ಮನಸ್ಸಿನಲ್ಲಿದ್ದದ್ದನ್ನು ಕಕ್ಕಿದಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಹದಿನೆಂಟು ವರ್ಷ ನೀವು ಊರು ನೋಡ್ಕೊಂಡು ಬಂದ್ರಿ. ಈ ಮನೇಲಿ ಅತ್ತೆ ಬಾಯಿಗೆ ಬೆಂದಿದ್ದು ನಾನು. ಮೂರು ವಾರಕ್ಕೇ ನಿಮಗೆ ಸಾಕಾಯ್ತಾ?"

"ಊರು ನೋಡ್ಲಿಲ್ಲಮ್ಮ. ಗಡಿಯಾರ ನೋಡ್ದೆ."

"ಏನೋ ಒಂದು. ಈ ಗೋಡೆ ಅಂತೂ ಅಲ್ವಲ್ಲ."

ಅದೂ ನಿಜವೇ. ನಿಜ ಹೇಳುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇನ್ನೂ ಕಷ್ಟ. ಹಿರಿಸೊಸೆ ಪಾತ್ರೆ ಉಜ್ಜಿದಳು.

ಆ ವಾರದ ಕೊನೆಯಲ್ಲಿ ಗಂಡನ ಫೋನು ಹೊತ್ತಲ್ಲದ ಹೊತ್ತಿಗೆ, ಬೆಳಗ್ಗೆ ಹತ್ತಕ್ಕೇ ಬಂತು. ಅವನಿದ್ದದ್ದು ಜ್ಯೂಸಿನಂಗಡಿಯ ಊರಿನಲ್ಲಿ. ಮಾರುಕಟ್ಟೆಯ ನಡುವೆ ಗೋಪುರ, ಎದುರಿಗೇ ಒಂದು ಜ್ಯೂಸಿನಂಗಡಿ. ಅಂಗಡಿಯವಳು ಹಿರಿಸೊಸೆಗೆ ಹಳೇ ಗೆಳತಿ, ಪ್ರತಿ ಸಲವೂ ಬಿಸಿಲಿಗೆ ನಿಂತವಳಿಗೆ ಒಂದು ಲೋಟ ತಂದು ಕೊಡದೆ ಬಿಡುತ್ತಿರಲಿಲ್ಲ.

"ಇಲ್ಲಿ ಯಾರೂ ನಿಲ್ಲೋಕೆ ತಯಾರಿಲ್ಲ ಕಣೇ. ಅಂಗಡಿಯವಳಿಗೆ ಗಿರಾಕಿ ಜಾಸ್ತಿ. ಒಂದು ಕೆಲಸ ಮಾಡೋಣ. ಅವಳ ಫೋನನ್ನ ಗಡಿಯಾರದ ಕಡೆ ತಿರುಗಿಸಿ ಇಡ್ತೀನಿ. ನೀನು ಮನೇಲಿ ಕೂತೇ ವಿಡಿಯೋದಲ್ಲಿ ನೋಡು. ನನ್ನ ಫೋನನ್ನೂ ಅದೇ ಕಾಲ್‌ಗೆ ಸೇರಿಸಿ ಒಳಗೆ ದೂರದಲ್ಲಿ ಕಟ್ಟಿರ್ತೀನಿ, ನೀನು ಹೇಳು, ನಾನು ತಿರುಗಿಸ್ತೀನಿ."

ಗೋಪುರಕ್ಕೆ ಫೋನ್ ಒಯ್ಯಬಾರದೆಂಬ ಕಟ್ಟಳೆ ಮುರಿಯಿತು. ಅವಳಿಗೆ ಅದರ ಚಿಂತೆಯಾಗಲಿಲ್ಲ, ಅಷ್ಟು ಖುಷಿಯಾಗಿತ್ತು. ಕುರ್ಚಿ ಎಳೆದುಕೊಂಡು, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಕೂತಳು. ಪರದೆಯ ಮೇಲೆ ಜ್ಯೂಸಿನ ಲೋಟಗಳ ಸಾಲು, ಅದರಾಚೆ ಗೋಪುರ, ಬೆಳ್ಳಗಿನ ಮುಖ, ಕಪ್ಪು ಮುಳ್ಳು. ಮೂರು ವಾರದಲ್ಲಿ ಮೊದಲ ಸಲ ಅವಳ ಬೆನ್ನು ನೆಟ್ಟಗಾಯಿತು.

"ತಿರುಗಿಸಿ... ಇನ್ನೂ... ಬನ್ನಿ ಬನ್ನಿ..."

"ಹಿರಿಯವಳೇ," ಒಳಗಿನಿಂದ ಅತ್ತೆ.

"ಬಂದೆ ಅತ್ತೆ. ರೀ, ಇನ್ನು ಸ್ವಲ್ಪ..."

"ಬಂದೆ ಅಂದ್ರೆ ಆಗಲ್ಲ. ತಡೆಯೋಕಾಗ್ತಿಲ್ಲ ನನಗೆ. ಹಾಸಿಗೆ ಒದ್ದೆ ಆದ್ರೆ ನೀನೇ ಒಗೀಬೇಕು."

"ರೀ, ಐದು ನಿಮಿಷ ತಡೀರಿ. ಮುಟ್ಟಬೇಡಿ. ಐದೇ ನಿಮಿಷ."

ಬೆಡ್‌ಪ್ಯಾನು ಕೊಟ್ಟು, ಕಾದು, ತೆಗೆದು, ಒರೆಸಿ, ಕೈ ತೊಳೆದು ಬರುವಷ್ಟರಲ್ಲಿ ಹನ್ನೊಂದು ನಿಮಿಷವಾಗಿತ್ತು. ಪರದೆ ಕಪ್ಪಾಗಿತ್ತು. ಫೋನ್ ಮಾಡಿದರೆ ಅವನೇ ಎತ್ತಿದ.

"ಆಯ್ತು ಬಿಡು. ಎಲ್ಲ ಸರಿ ಮಾಡಿ ಬೀಗ ಹಾಕಿದೆ. ಮುಂದಿನ ಊರಿನ ಬಸ್ಸು ಹತ್ತಿದೀನಿ."

"ನಾನು ನೋಡ್ಲೇ ಇಲ್ವಲ್ಲ."

"ನಾನು ನೋಡ್ದೆನಲ್ಲ."

ಅವನು ನೋಡಿದ್ದು ಒಳಗಿನಿಂದ. ಸಂಜೆ ಜ್ಯೂಸಿನಂಗಡಿಯವಳ ಫೋನು ಬಂತು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಕ್ಕಾ, ನಿಮ್ಮ ಯಜಮಾನರು ಇದೇನು ಮಾಡಿಟ್ಟು ಹೋದ್ರು? ಹತ್ತೂ ಇಪ್ಪತ್ತಕ್ಕೆ ಗಡಿಯಾರದಲ್ಲಿ ಒಂದೂ ನಲವತ್ತು. ಮೂಟೆ ಹೊರೋರು ಊಟಕ್ಕೆ ಎದ್ದುಹೋದ್ರು. ಬ್ಯಾಂಕಿನ ಮುಂದೆ ಒಬ್ರು ಮುದುಕರು ಬಾಗಿಲು ಮುಚ್ಚೋ ಹೊತ್ತಾಯ್ತು ಅಂತ ಓಡಿ ಬಿದ್ದುಬಿಟ್ರು, ಪುಣ್ಯಕ್ಕೆ ಏನೂ ಆಗ್ಲಿಲ್ಲ. ಕೊನೆಗೆ ಪುರಸಭೆ ಆಫೀಸಿನೋರು ಬಂದು ನಿಲ್ಲಿಸಿ ಹೋದ್ರು."

ಒಳಗಿನಿಂದ ಎಲ್ಲ ಉಲ್ಟಾ ಕಾಣುತ್ತದೆಂದು ಗಡಿಯಾರದವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹದಿನೆಂಟು ವರ್ಷ ಅವನು ಆ ಉಲ್ಟಾವನ್ನು ಸೀದಾ ಮಾಡುವ ಗೋಜಿಗೇ ಹೋಗಿರಲಿಲ್ಲ, ಅದನ್ನು ಮಾಡುವವಳು ಬೀದಿಯಲ್ಲಿದ್ದಳು. ಒಳಗೆ ನಿಂತವನ ಕಣ್ಣಿಗೆ ಹತ್ತೂ ಇಪ್ಪತ್ತು ಕಾಣುವ ಹಾಗೆ ಮುಳ್ಳು ಇಟ್ಟ, ಇಳಿದ, ಹಿಂಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ನಡೆದ. ರಸ್ತೆ ದಾಟಿ ಬಂದು ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು. ಆ ಅಭ್ಯಾಸವೇ ಅವನಿಗಿರಲಿಲ್ಲ.

ಊಟದ ಹೊತ್ತಿಗೆ ಅವನ ಫೋನು ಬಂದಾಗ ಅವಳು ಸುಮ್ಮನಿರಲಿಲ್ಲ.

"ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳೇನು ಬಂತು? ನನಗೇ ಮಧ್ಯಾಹ್ನ ಗೊತ್ತಾಯ್ತು. ಆಫೀಸಿನೋರು ಫೋನ್ ಮಾಡಿ ಬೈದ್ರು."

"ಐದು ನಿಮಿಷ ತಡೀರಿ ಅಂದೆ."

"ನೀನು ಎದ್ದು ಹೋದ್ರೆ ನಾನೇನು ಮಾಡ್ಲಿ? ಬಸ್ಸು ಹೋಗ್ತಿತ್ತು."

"ನಾನು ಎದ್ದು ಹೋಗಿದ್ದು ಸಿನಿಮಾಕ್ಕಲ್ಲ. ನಿಮ್ಮಮ್ಮಂಗೆ ಬೆಡ್‌ಪ್ಯಾನ್ ಕೊಡೋಕೆ. ಕುಣಿಯಲಾರದವನು ನೆಲ ಡೊಂಕು ಅಂದನಂತೆ."

ಮೈದುನ ಟಿವಿ ಸದ್ದು ಕಡಿಮೆ ಮಾಡಿದ. ಪುಟ್ಟಿ ಪುಸ್ತಕದಿಂದ ತಲೆ ಎತ್ತಲಿಲ್ಲ, ಪುಟವನ್ನೂ ತಿರುಗಿಸಲಿಲ್ಲ. ಅತ್ತೆ ಗೋಡೆ ಕಡೆ ಹೊರಳಿ ಮಲಗಿದ್ದರು. ಸೊಂಟಕ್ಕೆ ರಾಡು ಹಾಕಿಸಿಕೊಂಡವರು ಅಷ್ಟು ಸಲೀಸಾಗಿ ಹೊರಳಿದ್ದನ್ನು ಆ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ.

ಗಮನಿಸುವ ದಿನ ಐದನೇ ವಾರದಲ್ಲಿ ಬಂತು. ಹಿರಿಸೊಸೆ ಔಷಧಿ ಅಂಗಡಿಗೆಂದು ಹೊರಟು, ಎರಡು ಮಹಡಿ ಇಳಿದ ಮೇಲೆ ಚೀಟಿ ಮರೆತದ್ದು ನೆನಪಾಗಿ ತಿರುಗಿ ಹತ್ತಿದಳು. ಬಾಗಿಲು ತೆರೆದರೆ ಹಾಸಿಗೆ ಖಾಲಿ. ಚಪ್ಪಲಿ ಬಿಡದೆ ಒಳಗೆ ಓಡಿದಳು. ಅಡುಗೆಮನೆಯಲ್ಲಿ ಅತ್ತೆ ವಾಕರ್‌ಗೆ ಹೊಟ್ಟೆ ಆನಿಸಿ ನಿಂತು, ಗಂಜಿ ಪಾತ್ರೆಗೆ ಉಪ್ಪು ಹಾಕುತ್ತಿದ್ದರು. ವಾಕರ್ ಮೇಲಿನ ಬಟ್ಟೆಗಳು ನೀಟಾಗಿ ಮಡಿಸಿಕೊಂಡು ಕುರ್ಚಿಯ ಮೇಲೆ ಕೂತಿದ್ದವು.

ಅತ್ತೆ ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕಿದರು.

"ಎಷ್ಟು ದಿನದಿಂದ?" ಹಿರಿಸೊಸೆ ಕೇಳಿದಳು.

"ಹತ್ತು ದಿನ ಆಗಿರ್ಬೋದು."

"ಹತ್ತು ದಿನದಿಂದ ನಾನು ಬೆಡ್‌ಪ್ಯಾನ್ ಎತ್ತುತಿದೀನಿ ಅತ್ತೆ."

"ಎತ್ತಿದೀಯ. ಇಲ್ಲ ಅಂದಿಲ್ಲ."

"ನನ್ನ ಕೆಲಸ ಹೋಗ್ತಿದೆ ಅಲ್ಲಿ. ನನ್ನ ಸಂಸಾರ ಫೋನಲ್ಲಿ ನಡೀತಿದೆ. ನೀವಿಲ್ಲಿ ಉಪ್ಪು ಹಾಕ್ತಾ ನಿಂತಿದೀರ." ಅವಳು ಉಪ್ಪಿನ ಡಬ್ಬಿ ಎತ್ತಿ ಮೇಲಿನ ಗೂಡಿಗಿಟ್ಟಳು.

ಅತ್ತೆ ವಾಕರ್ ಹಿಡಿದು ಮೆಲ್ಲಗೆ ಹಾಸಿಗೆಗೆ ಬಂದರು. ಕೂತರು. ಯಾವಾಗಲೂ ಚಾಟಿಯ ಹಾಗಿದ್ದ ಬಾಯಿ ಆಗ ತಡವರಿಸಿತು.

"ಬಿದ್ರು ಅಂತಷ್ಟೇ ನಿನಗೆ ಫೋನ್ ಮಾಡಿದ್ರು ಅಲ್ವಾ? ನಾನು ಬಿದ್ದಿದ್ದು ಬೆಳಗ್ಗೆ ಒಂಬತ್ತಕ್ಕೆ. ಚಿಕ್ಕವಳು ಆವತ್ತು ಡಬ್ಬಿ ಮರೆತು ಊಟಕ್ಕೆ ಅಂತ ಬಂದಿದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತು ಬಾತ್‌ರೂಮಿನ ನೆಲದ ಮೇಲಿದ್ದೆ. ನಲ್ಲಿ ತೊಟ್ಟಿಕ್ತಿತ್ತು. ಕೂಗಿ ಕೂಗಿ ಗಂಟಲು ಹೋಯ್ತು. ಪಕ್ಕದ ಮನೆಯೋರು ಟಿವಿ ಜೋರಾಗಿ ಇಟ್ಕೊಂಡಿದ್ರು. ನಾನು ನಡೀತೀನಿ ಅಂತ ಗೊತ್ತಾದ್ರೆ ನೀನು ನಾಳೇನೇ ಹೊರಡ್ತೀಯ. ಆಮೇಲೆ ಮತ್ತೆ ನಾನು, ಆ ನಲ್ಲಿ."

ಹಿರಿಸೊಸೆ ಲೆಕ್ಕ ಹಾಕಿದಳು. ಬಾಯಿ ಬಿಟ್ಟು ಹೇಳಿದರೆ ಅವಳಿಗೆ ಬಿಡುಗಡೆ, ಅತ್ತೆಗೆ ಅದೇ ಒದ್ದೆ ನೆಲ. ಹೇಳದಿದ್ದರೆ ಬೆಡ್‌ಪ್ಯಾನು. ಇಷ್ಟು ದಿನ ಒಳ್ಳೇ ಗಟ್ಟಿ ಸಿಟ್ಟೊಂದು ಅವಳ ಪಾಲಿಗಿತ್ತು, ಈಗ ಅದನ್ನೂ ಅತ್ತೆ ಕಸಿದುಕೊಂಡರು. ಅವಳು ಚೀಟಿ ತೆಗೆದುಕೊಂಡು ಔಷಧಿ ಅಂಗಡಿಗೆ ಹೋದಳು. ಸಂಜೆ ಯಾರಿಗೂ ಏನೂ ಹೇಳಲಿಲ್ಲ. ಮಾರನೇ ದಿನದಿಂದ ಗಂಜಿಗೆ ಉಪ್ಪು ಸರಿಯಾಗಿ ಬಿತ್ತು.

ಆರನೇ ವಾರದ ಭಾನುವಾರ ಮಧ್ಯಾಹ್ನ ಗಡಿಯಾರದವನು ಮನೆಗೆ ಬಂದ. ಗಡ್ಡ ಬೆಳೆದಿತ್ತು, ಶರಟಿನ ಗುಂಡಿಯೊಂದು ಕಿತ್ತಿತ್ತು. ಅಮ್ಮನ ಕಾಲ ಬಳಿ ಕೂತು ಎರಡು ನಿಮಿಷ ಕಾಲು ಒತ್ತಿದ, ಕೈ ತೊಳೆದು ಊಟಕ್ಕೆ ಕೂತ. ಅನ್ನ, ಸೊಪ್ಪು, ಬೇಯಿಸಿದ ಮೊಟ್ಟೆ. ಭಾನುವಾರವಾದ್ದರಿಂದ ಎಲ್ಲರೂ ಇದ್ದರು. ಎರಡನೇ ಸಲ ಅನ್ನ ಬಡಿಸಿಕೊಂಡ ಮೇಲೆ ಅವನು ಜೇಬಿನಿಂದ ಒಂದು ಕಾಗದ ತೆಗೆದ.

"ಆ ಮಾರುಕಟ್ಟೆ ಊರಿನ ಆಫೀಸಿಂದ ಬಂದಿದೆ. ಈ ವಾರದೊಳಗೆ ಬಂದು ಸರಿ ಮಾಡಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ ಅಂತ. ಅಲ್ಲಿ ಹೋದ್ರೆ ಉಳಿದ ಊರೂ ಹೋದ ಹಾಗೇನೇ. ಎಲ್ಲ ಕಡೆ ಸುದ್ದಿ ಆಗಿದೆ." ಹೆಂಡತಿಯ ಕಡೆ ತಿರುಗಿದ. "ನೀನು ಒಂದು ದಿನ ಬಂದುಬಿಡು. ಬೆಳಗ್ಗೆ ಬಂದು ಟವೆಲ್ ಬೀಸಿ, ಸಂಜೆ ಬಸ್ಸಿಗೆ ವಾಪಸ್ ಬಾ."

"ಹೋಗೋಕೆ ಒಂಬತ್ತು ಗಂಟೆ, ಬರೋಕೆ ಒಂಬತ್ತು ಗಂಟೆ. ಮಧ್ಯೆ ಟವೆಲ್ಲು."

"ಒಂದು ದಿನದ ಮಾತಲ್ವಾ."

"ಆ ದಿನ ಅತ್ತೇನ ಯಾರು ನೋಡ್ಕೋತಾರೆ?"

"ಪುಟ್ಟಿ ರಜ ಹಾಕ್ತಾಳೆ."

"ದೊಡ್ಡಪ್ಪ, ನನಗೆ ನಾಳೆಯಿಂದ ಪರೀಕ್ಷೆ."

"ಹಾಗಾದ್ರೆ ನೀನಮ್ಮ," ಕಿರಿಸೊಸೆಯನ್ನು ನೋಡಿದ.

"ಬಿದ್ದಾಗ ಹಾಕಿದ ರಜಕ್ಕೇ ಇನ್ನೂ ಬೈಸ್ಕೋತಿದೀನಿ ಭಾವ."

ಅವನು ತಮ್ಮನ ಕಡೆ ನೋಡಲಿಲ್ಲ. ತಮ್ಮನೂ ಇವನ ಕಡೆ ನೋಡಲಿಲ್ಲ. ಗಂಡಸರಿಬ್ಬರಿಗೂ ಆ ವಿಷಯದಲ್ಲಿ ಒಳ್ಳೇ ಹೊಂದಾಣಿಕೆ ಇತ್ತು.

"ದೊಡ್ಡಪ್ಪ, ನೀವೇ ಇರಿ," ಎಂದಳು ಪುಟ್ಟಿ, ಮೊಟ್ಟೆ ಬಿಡಿಸುತ್ತ.

ಅವನು ನಕ್ಕ. "ನಾನಿದ್ರೆ ಗಡಿಯಾರ ಯಾರು ಮಾಡ್ತಾರೆ ಪುಟ್ಟಿ?"

"ನಾನು," ಎಂದಳು ಹಿರಿಸೊಸೆ.

ಅವನು ಇನ್ನೂ ನಗುತ್ತಲೇ ಇದ್ದ. ಬೇರೆ ಯಾರೂ ನಗುತ್ತಿಲ್ಲವೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನಿನಗೆ ಮುಳ್ಳು ಕೂರಿಸೋಕೆ ಬರುತ್ತಾ?"

"ಹದಿನೆಂಟು ವರ್ಷ ಅದರ ಒಂದೊಂದು ಹಲ್ಲನ್ನೂ ಸೀಮೆಎಣ್ಣೇಲಿ ತೊಳೆದಿದೀನಿ. ನಿಮ್ಮ ಬಾಯಲ್ಲಿ ಎಷ್ಟು ಹಲ್ಲಿದಾವೆ ಅಂತ ಗೊತ್ತಿಲ್ಲ, ಅದರದ್ದು ಗೊತ್ತು. ಹತ್ತೂ ಇಪ್ಪತ್ತು ಬೀದಿಯಿಂದ ಹೇಗೆ ಕಾಣುತ್ತೆ ಅನ್ನೋದೂ ಗೊತ್ತು."

"ಕೆಳಗೆ ಯಾರು ನಿಲ್ತಾರೆ?"

"ಯಾರನ್ನಾದ್ರೂ ನಿಲ್ಲಿಸ್ಕೋತೀನಿ ಬಿಡಿ. ಟವೆಲ್ ಬೀಸೋಕೆ ಡಿಗ್ರಿ ಬೇಕಾ?"

ಅವನಿಗೆ ಈ ಮಾತು ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಅಂತ ನೆನಪಾಗಲಿಲ್ಲ.

"ಹುಡುಗಾಟ ಆಡ್ಬೇಡ. ನಾನು ಅಮ್ಮನ್ನ ಹೇಗೆ ನೋಡ್ಕೊಳ್ಲಿ? ಸ್ನಾನ, ಅದು ಇದು..."

"ಸ್ನಾನ ಬೆಳಗ್ಗೆ ನಾನು ಮಾಡಿಸಿ ಹೋಗ್ತೀನಿ ಭಾವ," ಎಂದಳು ಕಿರಿಸೊಸೆ. ಅವಳ ಬಾಯಿಂದ ಆ ಮಾತು ಬರುತ್ತದೆಂದು ಅವಳಿಗೂ ಗೊತ್ತಿದ್ದ ಹಾಗಿರಲಿಲ್ಲ.

"ಆದ್ರೂ ಅದು ಗಂಡಸರು ಮಾಡೋ ಕೆಲಸಾನಾ..."

"ಅವನೇ ಇರಲಿ," ಎಂದರು ಅತ್ತೆ ಹಾಸಿಗೆಯಿಂದ.

"ಅಮ್ಮಾ, ನಿನಗೇ ನಾಚಿಕೆ ಆಗುತ್ತೆ."

"ನಾಲ್ಕು ವರ್ಷ ತುಂಬೋವರೆಗೂ ನಿನ್ನದು ನಾನು ತೊಳೆದಿದೀನಿ. ಆಗ ನಾಚಿಕೆ ಆಗ್ಲಿಲ್ಲ ನನಗೆ. ಊರಿಗೆಲ್ಲ ಗಂಟೆ ಸರಿ ಮಾಡ್ತೀಯಂತೆ, ಹದಿನೆಂಟು ವರ್ಷದಲ್ಲಿ ನನ್ನ ಹತ್ರ ಹದಿನೆಂಟು ದಿನ ಕೂತಿದೀಯ? ಒಂದು ವಾರ ಇರು. ನಾನು ಹೇಗೆ ಮಲಗಿದೀನಿ ಅಂತ ನೋಡು."

ಅತ್ತೆ ಹಿರಿಸೊಸೆಯ ಕಡೆ ನೋಡಲಿಲ್ಲ. ಹಿರಿಸೊಸೆಯೂ ಅತ್ತೆಯ ಕಡೆ ನೋಡಲಿಲ್ಲ. ಮೂಲೆಯಲ್ಲಿ ವಾಕರ್ ಮೇಲೆ ಹಳದಿ ಟವೆಲ್ಲು ಒಣಗುತ್ತಿತ್ತು. ಅವಳು ಎದ್ದು ಅದನ್ನು ತೆಗೆದು ಮಡಿಸಿದಳು.

ಬಸ್‌ಸ್ಟ್ಯಾಂಡಿನವರೆಗೆ ಅವನು ಪೆಟ್ಟಿಗೆ ಹೊತ್ತುಕೊಂಡು ಬಂದ, ದಾರಿಯುದ್ದಕ್ಕೂ ಮಾತಾಡಿದ. ಆ ತಿರುಪು ಎಡಕ್ಕೆ ಬಿಗಿ, ಎರಡನೇ ಚಕ್ರಕ್ಕೆ ಎಣ್ಣೆ ಜಾಸ್ತಿ ಬೇಡ, ಏಣಿಯ ಮೂರನೇ ಮೆಟ್ಟಿಲು ಸಡಿಲ. ಅವಳು ಹೂಂ ಎನ್ನುತ್ತಿದ್ದಳು. ಅವನಿಗೆ ಬೇಜಾರಾಗಿತ್ತು, ಅದು ಅವಳಿಗೆ ಕಾಣುತ್ತಿತ್ತು, ಸ್ವಲ್ಪ ಪಾಪ ಅನ್ನಿಸುತ್ತಲೂ ಇತ್ತು. ಆದರೂ ಸಾಲಿನಲ್ಲಿ ತಾನೇ ನಿಂತಳು.

"ಎಷ್ಟು?" ಎಂದ ಟಿಕೆಟ್ ಕೊಡುವವನು.

"ಒಂದೇ."

ಮಾರನೇ ದಿನ ಹತ್ತು ಗಂಟೆಗೆ ಅವಳು ಗೋಪುರ ಹತ್ತಿದಳು. ಮೂರನೇ ಮೆಟ್ಟಿಲು ಸಡಿಲವೇ ಇತ್ತು. ಮೇಲೆ ಪಾರಿವಾಳದ ಹಿಕ್ಕೆ, ಅವನು ಬಿಟ್ಟುಹೋದ ಚಹಾದ ಕಪ್ಪು, ಅವಳು ತೊಳೆದ ಚಕ್ರಗಳು ಒಂದರೊಳಗೊಂದು ಹಲ್ಲು ಕೂರಿಸಿಕೊಂಡು ನಿಂತಿದ್ದವು. ಅವನ್ನು ಪೇಪರ್ ಮೇಲೆ ನೋಡಿದ್ದಳೇ ಹೊರತು ಜಾಗದಲ್ಲಿ ನೋಡಿರಲಿಲ್ಲ. ಮಂಜುಗಾಜಿನಲ್ಲಿ ಅಂಕಿಗಳೆಲ್ಲ ತಿರುಗಾ ಮುರುಗಾ. ಇಷ್ಟು ಹತ್ತಿರದಿಂದ ಇದನ್ನೇ ನೋಡುತ್ತ ನಿಂತವನಿಗೆ ಹೊರಗಿನ ಹೊತ್ತು ತಿಳಿಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಿತು. ಕೆಳಗಿಳಿದು ನೋಡದೆ ಹೋದದ್ದನ್ನು ಮಾತ್ರ ಅವಳು ಕ್ಷಮಿಸಲಿಲ್ಲ.

ತಿರುಪು ಸಡಿಲಿಸಿ ಕಿಂಡಿಯಲ್ಲಿ ಕಣ್ಣಿಟ್ಟಳು. ಬೀದಿಯಲ್ಲಿ ಜ್ಯೂಸಿನಂಗಡಿಯವಳು ಹಳದಿ ಟವೆಲ್ಲು ಹಿಡಿದು ನಿಂತಿದ್ದಳು. ಅಂಗಡಿ ಮುಂದೆ ಗಿರಾಕಿಗಳು ಲೋಟ ಹಿಡಿದು ಮೇಲಕ್ಕೆ ನೋಡುತ್ತಿದ್ದರು. ಟವೆಲ್ಲು ಮೇಲೆದ್ದಿತು. ಮುಳ್ಳು ಅವಳು ಅಂದುಕೊಂಡದ್ದಕ್ಕಿಂತ ಭಾರವಿತ್ತು, ಎರಡೂ ಕೈ ಬೇಕಾಯಿತು. ತಿರುಗಿತು.

ಅರ್ಧಕ್ಕೆ ಟವೆಲ್ಲು ಇಳಿಯಿತು. ಇಳಿದದ್ದು ಮೇಲೇಳಲಿಲ್ಲ.

"ಏನಾಯ್ತು?" ಅವಳು ಕಿಂಡಿಯಿಂದ ಕೂಗಿದಳು.

ಕಟ್ಟಳೆಯ ಪ್ರಕಾರ ಫೋನು ಕೆಳಗೆ ಬಿಟ್ಟು ಬಂದಿದ್ದಳು. ಜ್ಯೂಸಿನಂಗಡಿಯವಳು ಅದನ್ನು ಕಿವಿಯಿಂದ ತೆಗೆದು, ಬಾಯಿಗೆ ಕೈ ಅಡ್ಡ ಹಿಡಿದು, ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಕೂಗಿದಳು.

"ಅಕ್ಕಾ, ನಿಮ್ಮ ಯಜಮಾನರು. ಬೆಡ್‌ಪ್ಯಾನ್ ಎಲ್ಲಿಟ್ಟಿದೀರ ಅಂತ ಕೇಳ್ತಿದಾರೆ. ಅವರಮ್ಮಂಗೆ ತಡೆಯೋಕಾಗ್ತಿಲ್ವಂತೆ."

ಗಿರಾಕಿಗಳು ನಕ್ಕರು. ಹಿರಿಸೊಸೆಗೆ ಹಾಸಿಗೆಯ ಮೇಲೆ ಮಲಗಿ ಸೂರು ನೋಡುತ್ತಿರುವ ಅತ್ತೆಯ ಮುಖ ಕಣ್ಣಿಗೆ ಕಟ್ಟಿತು. ಎಲ್ಲಿದೆ ಅಂತ ಹೇಳಬಹುದಿತ್ತು, ಬಾಲ್ಕನಿಯಲ್ಲಿ ಬಕೆಟ್ಟಿನ ಹಿಂದೆ. ಅವಳು ಎರಡೂ ಕೈಯಲ್ಲಿ ಮುಳ್ಳನ್ನು ಹಿಡಿದುಕೊಂಡೇ ಕಿಂಡಿಗೆ ಬಾಯಿಟ್ಟಳು.

"ಐದು ನಿಮಿಷ ತಡೀಬೇಕಂತೆ ಅಂತ ಹೇಳಮ್ಮ. ಟವೆಲ್ಲು ಎತ್ತು."

ಜ್ಯೂಸಿನಂಗಡಿಯವಳು ಫೋನಿಗೆ ಅಷ್ಟನ್ನೇ ಹೇಳಿ, ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಟವೆಲ್ಲು ಎತ್ತಿದಳು.